ಬೆಕ್ಕು ಟ್ರೇ ಬಿಟ್ಟು ಬೇರೆ ಕಡೆ ಉಚ್ಚೆ ಮಾಡುತ್ತಿದೆ: ಕಾಯಿಲೆಯೋ, ಹಟವೋ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಕೆಂಚನಿಗೆ ನಾಲ್ಕು ವರ್ಷ. ಸಂತಾನಹರಣದ ಆಪರೇಷನ್ ಆಗಿದೆ. ಬಿಸಿಲಿರುವಾಗ ತೋಟಕ್ಕೆ ಹೋಗಿ, ಮಣ್ಣು ಕೆರೆದು, ಮುಗಿಸಿ ಬರುತ್ತಾನೆ. ಮಳೆಗಾಲದಲ್ಲಿ ಬಚ್ಚಲುಮನೆ ಮೂಲೆಯಲ್ಲಿ ಟ್ರೇ ಇಡುತ್ತೇವೆ. ಇಷ್ಟು ವರ್ಷ ಯಾವ ತಕರಾರೂ ಇರಲಿಲ್ಲ.

ಈ ಸಲ ಮಳೆ ಹಿಡಿದ ಮೇಲೆ ಶುರುವಾಗಿದೆ. ಮೊದಲು ಜಗಲಿಯಲ್ಲಿದ್ದ ಗೋಣಿಚೀಲದ ಮೇಲೆ ಮಾಡಿದ. ಆಮೇಲೆ ಮಾವನವರ ಕಂಬಳಿ ಮೇಲೆ. ನಿನ್ನೆ ಅಟ್ಟದಲ್ಲಿ ಅಡಿಕೆ ಮೂಟೆಯ ಪಕ್ಕದಲ್ಲೇ ವಾಸನೆ. ಅಡಿಕೆಗೆ ತಾಗಿದರೆ ಏನು ಗತಿ ಹೇಳಿ. ಹೋದ ತಿಂಗಳು ಮನೆಗೆ ನಾಯಿಮರಿ ತಂದಿದ್ದೇವೆ. ಅದಕ್ಕೇ ಸೇಡು ತೀರಿಸಿಕೊಳ್ಳುತ್ತಿದೆ ಅಂತ ಅತ್ತೆ ಹೇಳುತ್ತಾರೆ. ಕೊಟ್ಟಿಗೆಗೆ ಹಾಕಿ ಬಾಗಿಲು ಎಳೆದುಬಿಡು ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇದು ಹಟವೋ, ಒಳಗೇನಾದರೂ ನೋವಿದೆಯೋ? ಮನೆಯಲ್ಲೇ ತಿಳಿಯುವ ದಾರಿ ಇದೆಯಾ?

ವಿನೋಬನಗರ ಅಕ್ಕ

ಕೆಂಚ ಅಂದರೆ ಗಂಡು ಅಲ್ವಾ? ಹಾಗಾದರೆ ಉಳಿದದ್ದೆಲ್ಲ ಆಮೇಲೆ ಮಾತಾಡೋಣ. ಮೊದಲು ಇಷ್ಟು ಹೇಳಿ. ಉಚ್ಚೆ ಬರುತ್ತಿದೆಯಾ, ಸುಮ್ನೆ ಕೂತು ಏಳುತ್ತಿದ್ದಾನಾ? ಬಂದರೆ ಎಷ್ಟು ಬರುತ್ತಿದೆ? ಊಟ ಮಾಡಿದನಾ? ವಾಂತಿ ಆಗಿದೆಯಾ? ಬೇಗ ನೋಡಿ ಬರೆಯಿರಿ.

ತೋಟದಮನೆ, ತೀರ್ಥಹಳ್ಳಿ

ಅಕ್ಕಾ, ನೀವು ಕೇಳಿದ ಮೇಲೆ ಬಚ್ಚಲುಮನೆಯಲ್ಲಿ ಹಳೇ ಬಿಳಿ ಪಂಚೆ ಹಾಸಿ ಪಕ್ಕದಲ್ಲೇ ಕೂತೆ. ಬಂದ. ಬೆನ್ನು ಗೂನು ಮಾಡಿ ಕೂತ. ಬಾಲ ಬಿಗಿಯಾಗಿತ್ತು, ತುಂಬಾ ಹೊತ್ತು ತಿಣುಕಿದ. ಎದ್ದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಒದ್ದೆ, ಅಷ್ಟೇ. ಅದರ ಅಂಚು ತಿಳಿ ಗುಲಾಬಿ ಬಣ್ಣ. ಪಂಚೆ ಬಿಳಿ ಇದ್ದದ್ದಕ್ಕೆ ಕಂಡಿತು, ಕಂಬಳಿ ಮೇಲೆ ಕಾಣುತ್ತಲೇ ಇರಲಿಲ್ಲ. ಎದ್ದವನೇ ಅಲ್ಲಿ ನೆಕ್ಕಿಕೊಂಡ, ಮತ್ತೆ ಒಲೆ ಹತ್ತಿರ ಹೋಗಿ ಕೂತ. ಅಲ್ಲಿ ಏನೂ ಬರಲಿಲ್ಲ. ಬೆಳಗ್ಗೆ ಸ್ವಲ್ಪ ಹಾಲನ್ನ ತಿಂದಿದ್ದಾನೆ. ವಾಂತಿ ಇಲ್ಲ.

ಪಶುವೈದ್ಯೆ, ಶಿವಮೊಗ್ಗ

ತೋಟದಮನೆಯವರೇ, ಇವತ್ತೇ ತೋರಿಸಿ. ನಾಳೆಗೆ ಇಡಬೇಡಿ. ಇದು ಹಟ ಅಲ್ಲ. ಪದೇ ಪದೇ ಕೂರುವುದು, ತಿಣುಕುವುದು, ಚೂರೇ ಚೂರು ಬರುವುದು, ರಕ್ತದ ಬಣ್ಣ, ನೆಕ್ಕಿಕೊಳ್ಳುವುದು, ಇವೆಲ್ಲ ಮೂತ್ರಕೋಶದಲ್ಲಿ ನೋವಿದೆ ಅಂತ ಹೇಳುವ ಗುರುತುಗಳು.

ಹೆಣ್ಣು ಬೆಕ್ಕಾದರೆ ಇಷ್ಟು ಅವಸರ ಮಾಡುತ್ತಿರಲಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಹೋದಂತೆ ತುಂಬಾ ಸಣ್ಣದಾಗುತ್ತದೆ. ಲೋಳೆ, ಮರಳಿನಂಥ ಹರಳು, ಪುಟ್ಟ ಕಲ್ಲು, ಕೆಲವು ಸಲ ಬರೀ ಊತ ಮತ್ತು ಬಿಗಿತ, ಇಷ್ಟೇ ಸಾಕು ಉಚ್ಚೆ ಕಟ್ಟಲು. ಕಟ್ಟಿದರೆ ಕಿಡ್ನಿ ಹೊರಗೆ ಹಾಕಬೇಕಾದದ್ದೆಲ್ಲ ರಕ್ತದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಏರುತ್ತದೆ, ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಪೂರ್ತಿ ಕಟ್ಟಿದ ಬೆಕ್ಕು 24 ಗಂಟೆಯೊಳಗೇ ಅಪಾಯಕ್ಕೆ ಬರಬಹುದು. ಎರಡು ಮೂರು ದಿನ ಬಿಟ್ಟರೆ ಉಳಿಯುವುದು ಕಷ್ಟ. ಕೆಂಚನಿಗೆ ಇನ್ನೂ ಹನಿ ಬರುತ್ತಿದೆ, ಅದು ಒಳ್ಳೆಯದು. ಆದರೆ ಹನಿ ಬರುವ ಬೆಕ್ಕು ಸಂಜೆಗೆ ಪೂರ್ತಿ ಕಟ್ಟಿದ್ದನ್ನು ನಾನು ನೋಡಿದ್ದೇನೆ.

ದಾರಿಯಲ್ಲಿ ಕೆಲವು ಕೆಲಸ ಮಾಡಲೇಬೇಡಿ. ಹೊಟ್ಟೆ ಒತ್ತಿ ನೋಡಬೇಡಿ. ತುಂಬಿದ ಮೂತ್ರಕೋಶ ಒಡೆಯಬಹುದು. ಮಲ ಕಟ್ಟಿದೆ ಅಂದುಕೊಂಡು ಹರಳೆಣ್ಣೆ ಕುಡಿಸಬೇಡಿ. ಎರಡಕ್ಕೂ ತಿಣುಕುವ ರೀತಿ ಒಂದೇ ಥರ ಕಾಣುತ್ತದೆ, ತುಂಬಾ ಜನ ಇಲ್ಲೇ ಒಂದು ದಿನ ಕಳೆದುಬಿಡುತ್ತಾರೆ. ಉರಿಮೂತ್ರ ಅಂತ ಎಳನೀರು ಕೊಡಬೇಡಿ. ನಮಗೆ ಅದು ತಂಪು, ನಿಜ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಚ್ಚೆ ಕಟ್ಟಿದ ಬೆಕ್ಕಿಗೆ ಬೇಡದ್ದೇ ಅದು. ಮನುಷ್ಯರ ನೋವಿನ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಪ್ಯಾರಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ, ಒಂದು ಮಾತ್ರೆ ಸಾಕು ಜೀವ ಹೋಗಲು.

ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ, ಬೆಕ್ಕಿಗೆ ಕ್ಯಾಥೆಟರ್, ಅಂದರೆ ಉಚ್ಚೆ ತೆಗೆಯುವ ಸಣ್ಣ ನಳಿಕೆ ಹಾಕುವ ವ್ಯವಸ್ಥೆ ಇದೆಯಾ ಕೇಳಿ. ಇಲ್ಲ ಅಂದರೆ ಅಲ್ಲಿ ಹೊತ್ತು ಕಳೆಯದೆ ಶಿವಮೊಗ್ಗಕ್ಕೇ ಬನ್ನಿ. ಇಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ಕ್ಲಿನಿಕ್‌ಗಳೂ ಇವೆ. ಎಲ್ಲಿಗೇ ಆಗಲಿ, ಹೊರಡುವ ಮೊದಲು ಫೋನ್ ಮಾಡಿಕೊಂಡು ಹೊರಡಿ.

ತೋಟದಮನೆ, ತೀರ್ಥಹಳ್ಳಿ

ಡಾಕ್ಟ್ರೇ, ಹೊರಟೆವು. ಹಣ್ಣಿನ ಬುಟ್ಟಿಗೆ ಟವೆಲ್ ಹಾಸಿ ಮುಚ್ಚಳ ಕಟ್ಟಿದ್ದೇನೆ. ಬಂದ ಮೇಲೆ ಬರೆಯುತ್ತೇನೆ.

ಸಾಗರದ ಮೇಷ್ಟ್ರು

ಆ ಬೆಕ್ಕು ಹುಷಾರಾಗಲಿ. ಅವರು ಬರುವ ತನಕ ನನ್ನದೂ ಒಂದು ಕೇಳುತ್ತೇನೆ. ನಮ್ಮಲ್ಲಿ ಉಲ್ಟಾ ಕಥೆ. ನಮ್ಮ ಹೆಣ್ಣು ಬೆಕ್ಕಿಗೆ ಹದಿಮೂರು ದಾಟಿದೆ. ಇದಕ್ಕೆ ಉಚ್ಚೆ ಕಮ್ಮಿ ಅಲ್ಲ, ಜಾಸ್ತಿ. ಟ್ರೇ ತನಕ ಹೋಗುತ್ತಾಳೆ, ಒಳಗೆ ಹತ್ತುವುದಿಲ್ಲ, ಪಕ್ಕದಲ್ಲೇ ದೊಡ್ಡ ಕೆರೆ. ಬಾವಿಕಟ್ಟೆಯ ಬಕೆಟ್ಟಿಗೆ ಬಾಯಿ ಹಾಕಿ ನೀರು ಕುಡಿಯುವುದು ಈಚೆಗೆ ಶುರುವಾಗಿದೆ. ವಯಸ್ಸಾಯಿತು, ಮರೆವು ಅಂತ ಮನೆಯವರು ಹೇಳುತ್ತಾರೆ.

ಪಶುವೈದ್ಯೆ, ಶಿವಮೊಗ್ಗ

ಮೇಷ್ಟ್ರೇ, ವಯಸ್ಸು ಅಂತ ಬಿಡಬೇಡಿ. ನೀವು ಹೇಳಿದ ಎರಡು ವಿಷಯ ಬೇರೆ ಬೇರೆ ಕಡೆ ಬೆರಳು ತೋರಿಸುತ್ತಿವೆ.

ನೀರು ಜಾಸ್ತಿ, ಉಚ್ಚೆ ಜಾಸ್ತಿ ಅಂದರೆ ಕಿಡ್ನಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಈ ಮೂರನ್ನು ನೋಡಬೇಕು. ಮನೆಯಲ್ಲಿ ಒಂದು ಲೆಕ್ಕ ಮಾಡಬಹುದು. ಬಕೆಟ್ಟು, ಬೋಗುಣಿ ಎಲ್ಲ ಮುಚ್ಚಿ, ಅಳೆದ ನೀರನ್ನು ಒಂದೇ ಬಟ್ಟಲಲ್ಲಿ ಇಡಿ. ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆಯಿರಿ. ದಿನಕ್ಕೆ ಒಂದು ಕೆಜಿ ತೂಕಕ್ಕೆ 50 ಎಂಎಲ್ ಒಳಗಿದ್ದರೆ ಸಾಮಾನ್ಯ. 100 ದಾಟಿದರೆ ಖಂಡಿತ ಜಾಸ್ತಿ. ನಾಲ್ಕು ಕೆಜಿ ಬೆಕ್ಕು ದಿನಾ ಅರ್ಧ ಲೀಟರ್ ಕುಡಿಯುತ್ತಿದ್ದರೆ ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಎರಡೂ ಬೇಕು. ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅಂತ ಊರಲ್ಲಿ ಹೇಳುತ್ತಾರಲ್ಲ, ಮುತ್ತಿದ್ದು ಕಂಡರೆ ಡಾಕ್ಟರಿಗೆ ಹೇಳಿ, ಮುತ್ತದಿದ್ದರೆ ಇಲ್ಲ ಅಂತ ನಂಬಬೇಡಿ. ಒಂದು ಎಚ್ಚರಿಕೆ, ಲೆಕ್ಕ ಜಾಸ್ತಿ ಬಂತು ಅಂತ ನೀರು ಕಮ್ಮಿ ಮಾಡಬೇಡಿ. ಅವಳ ಮೈಗೆ ಆ ನೀರು ಬೇಕು.

ಟ್ರೇ ತನಕ ಬಂದು ಹತ್ತದೇ ಇರುವುದು ಗಂಟು ನೋವಿನ ಗುರುತು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರು. 90ರಲ್ಲಿ ಕೀಲು ಸವೆದಿತ್ತು. ಬೆಕ್ಕು ಕುಂಟುವುದು ಅಪರೂಪ. ಹತ್ತುವುದು ಬಿಡುತ್ತದೆ, ಬೆನ್ನ ಹಿಂದೆ ನೆಕ್ಕಿಕೊಳ್ಳುವುದು ಬಿಡುತ್ತದೆ. ಸೊಂಟದ ಹತ್ತಿರ ಕೂದಲು ಗಂಟುಗಂಟಾಗಿದೆಯಾ ನೋಡಿ. ಅವಳು ಕೂರುವ ಟ್ರೇಯ ಒಂದು ಬದಿ ಕತ್ತರಿಸಿ, ನಾಲ್ಕೈದು ಸೆಂಟಿಮೀಟರ್ ಎತ್ತರ ಮಾತ್ರ ಬಿಡಿ. ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ.

ಸಾಗರದ ಮೇಷ್ಟ್ರು

ಸೊಂಟದ ಹತ್ತಿರ ಗಂಟು ಇದೆ. ನೋಡಿದೆ. ಇದನ್ನು ಹೀಗೆ ಯಾರೂ ಹೇಳಿರಲಿಲ್ಲ. ನಾಳೆ ಬೆಳಗ್ಗೆ ಕರೆದುಕೊಂಡು ಹೋಗುತ್ತೇನೆ, ನೀರಿನ ಲೆಕ್ಕವನ್ನೂ ಬರೆದುಕೊಂಡೇ.

ಭದ್ರಾವತಿ ಓದುಗ

ನಮ್ಮ ಬೆಕ್ಕಿಗೂ ಕೆಂಚನ ಹಾಗೇ ಆಗಿತ್ತು, ಉಚ್ಚೆ ಕಟ್ಟಿರಲಿಲ್ಲ. ಇನ್ಫೆಕ್ಷನ್ ಅಂತ ಆಂಟಿಬಯೋಟಿಕ್ ಕೊಟ್ಟರು. ವಾರದೊಳಗೆ ಹುಷಾರಾಯಿತು. ಎರಡು ತಿಂಗಳಾದ ಮೇಲೆ ಮತ್ತೆ ಬಂತು. ಮತ್ತೆ ಅದೇ ಮಾತ್ರೆ, ಮತ್ತೆ ಹುಷಾರು. ಈಗ ಮೂರನೇ ಸಲ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಪಶುವೈದ್ಯೆ, ಶಿವಮೊಗ್ಗ

ಒಳ್ಳೆಯ ಪ್ರಶ್ನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾಯಿಲೆ ಮತ್ತು ಮನಸ್ಸು ಎರಡೂ ಸೇರುವ ಜಾಗ ಇದೇ.

ಹತ್ತು ವರ್ಷದೊಳಗಿನ ಬೆಕ್ಕಿನಲ್ಲಿ ಬ್ಯಾಕ್ಟೀರಿಯಾ ಸೋಂಕು ಅಪರೂಪ. ಬೆಕ್ಕಿನ ಮೂತ್ರ ತುಂಬಾ ಗಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುವುದಿಲ್ಲ. ವಯಸ್ಸಾದ, ಕಿಡ್ನಿ ಸೋತ, ಸಕ್ಕರೆ ಕಾಯಿಲೆ ಇರುವ ಬೆಕ್ಕಿನಲ್ಲಿ ಸೋಂಕು ಜಾಸ್ತಿ. ಚಿಕ್ಕ ವಯಸ್ಸಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇಸುಗಳಲ್ಲಿ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಆದರೂ ಮೂತ್ರಕೋಶ ಊದಿರುತ್ತದೆ, ರಕ್ತ ಬರುತ್ತದೆ. ಇದಕ್ಕೆ ಇಡಿಯೋಪಥಿಕ್ ಸಿಸ್ಟೈಟಿಸ್, ಅಂದರೆ ಕಾರಣ ಗೊತ್ತಾಗದ ಮೂತ್ರಕೋಶದ ಊತ ಅನ್ನುತ್ತಾರೆ. ಉಚ್ಚೆ ಕಟ್ಟದಿದ್ದರೆ ಇದು ಸಾಮಾನ್ಯವಾಗಿ ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ನೀವು ಕೊಟ್ಟ ಮಾತ್ರೆಯೂ ಒಂದು ವಾರದ್ದೇ. ಹಾಗಾಗಿ ಮಾತ್ರೆಯೇ ಗುಣ ಮಾಡಿತು ಅಂತ ಕಾಣುತ್ತದೆ. ಮೂರನೇ ಸಲ ಬಂದಿದೆ ಅಂದಮೇಲೆ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸದೆ ಮತ್ತೆ ಆಂಟಿಬಯೋಟಿಕ್ ಕೊಡಬೇಡಿ. ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಮಾಡಿಸಿ ಕಲ್ಲು ಇದೆಯಾ ನೋಡಿ. ಸ್ಟ್ರುವೈಟ್ ಜಾತಿಯ ಕಲ್ಲು ಔಷಧಿಯ ಆಹಾರದಲ್ಲೇ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ತೆಗೆಯಬೇಕಾಗುತ್ತದೆ.

ಇನ್ನು ಕಾರಣ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ಟೋನಿ ಬಫಿಂಗ್ಟನ್ ಇದರ ಮೇಲೆ ತುಂಬಾ ವರ್ಷ ಕೆಲಸ ಮಾಡಿದರು. 2011ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ನೋಡಿಕೊಳ್ಳುವ ಜನ ಬದಲಾದಾಗ, ದಿನಚರಿ ತಪ್ಪಿದಾಗ ಕಾಯಿಲೆ ಇರುವ ಬೆಕ್ಕುಗಳಷ್ಟೇ ಅಲ್ಲ, ಆರೋಗ್ಯವಾಗಿದ್ದ ಬೆಕ್ಕುಗಳೂ ಊಟ ಬಿಟ್ಟವು, ವಾಂತಿ ಮಾಡಿಕೊಂಡವು, ಟ್ರೇ ಬಿಟ್ಟು ಹೊರಗೆ ಮಾಡಿದವು. ಅಂದರೆ ಒತ್ತಡ ಮೈಯಲ್ಲಿ ಇಳಿಯುತ್ತದೆ. ತೋಟದಮನೆಯ ಅತ್ತೆಯವರು ನಾಯಿಮರಿಯ ಕಡೆ ಬೆರಳು ತೋರಿಸಿದ್ದರಲ್ಲ, ಅವರ ಕಣ್ಣು ಚುರುಕಾಗಿದೆ. ಸೇಡು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾಯಿಮರಿ ಬಂದದ್ದೇ ಆ ಮೂತ್ರಕೋಶ ಊದಲು ಕಾರಣ ಆಗಿರಬಹುದು.

ಭದ್ರಾವತಿಯವರೇ, ಮೂರು ಸಲವೂ ಮನೆಯಲ್ಲಿ ಏನು ನಡೆದಿತ್ತು ನೆನಪು ಮಾಡಿಕೊಳ್ಳಿ. ನೆಂಟರು, ಬಣ್ಣ ಬಳಿಸುವುದು, ಹೊಸ ಬೆಕ್ಕು, ಏನಾದರೂ.

ಭದ್ರಾವತಿ ಓದುಗ

ಎರಡು ಸಲ ನಾವು ಊರಿಗೆ ಹೋಗಿ ಪಕ್ಕದ ಮನೆಯವರಿಗೆ ಬೆಕ್ಕನ್ನು ಒಪ್ಪಿಸಿದ್ದೆವು. ವಾಪಸ್ ಬಂದ ವಾರದಲ್ಲೇ ಆಗಿದೆ. ಇನ್ನೊಂದು ಸಲದ್ದು ನೆನಪಿಲ್ಲ.

ಹೊಸನಗರ ಅಡಿಕೆ

ಇದು ಓದಿದ ಮೇಲೆ ನಮ್ಮ ಮನೆಯದ್ದು ಅರ್ಥ ಆಗುತ್ತಿದೆ. ಪ್ರತಿ ವರ್ಷ ಅಡಿಕೆ ಕೊನೆಕೊಯ್ಲು ಶುರುವಾದರೆ ನಮ್ಮ ಬೆಕ್ಕಿನ ಗಲಾಟೆಯೂ ಶುರು. ರಾತ್ರಿ ಹನ್ನೊಂದರ ತನಕ ಸುಲಿಯುವವರು ಕೂತಿರುತ್ತಾರೆ, ದೀಪ, ಮಾತು, ಹಂಡೆ ಬೆಂಕಿ. ಅದು ದಿನಾ ಹೋಗುವ ದಾರಿಯಲ್ಲೇ ಸಿಪ್ಪೆ ರಾಶಿ. ಆಗ ಮಾತ್ರ ದೇವರ ಕೋಣೆಯಲ್ಲಿ ಮಾಡುತ್ತದೆ, ಕೊಯ್ಲು ಮುಗಿದರೆ ತಾನೇ ನಿಲ್ಲುತ್ತದೆ. ಈ ವರ್ಷ ಮೆತ್ತಿನ (ಮಹಡಿಯ) ಕೋಣೆಯಲ್ಲಿ ಅದಕ್ಕೇ ಅಂತ ಟ್ರೇ, ನೀರು, ಗೋಣಿ ಇಟ್ಟು ಬಾಗಿಲು ಹಾಕುತ್ತೇನೆ.

ಇನ್ನೊಂದು ಕೇಳಬೇಕು. ಟ್ರೇಗೆ ಹಾಕುವ ಅಂಗಡಿ ಮರಳು ನಮ್ಮ ಕಡೆ ಸಿಗುವುದಿಲ್ಲ, ತರಿಸಿದರೆ ದುಬಾರಿ. ಒಲೆ ಬೂದಿ, ಭತ್ತದ ಹೊಟ್ಟು, ಮರದ ಪುಡಿ, ಇದರಲ್ಲಿ ಯಾವುದು ಆಗುತ್ತದೆ? ಗುಡ್ಡದಿಂದ ದರಗು, ಅಂದರೆ ಉದುರಿದ ಒಣ ಎಲೆ, ತಂದು ಹಾಕಿದರೆ?

ವಿನೋಬನಗರ ಅಕ್ಕ

ಇದರಲ್ಲಿ ನನಗೆ ಸ್ವಲ್ಪ ಅನುಭವ ಇದೆ. ತವರುಮನೆ ಆಗುಂಬೆ ಕಡೆ, ಅಲ್ಲಿ ಟ್ರೇ ಅಂದರೆ ಬೂದಿಯೇ. ಬೆಕ್ಕಿಗೆ ನುಣುಪಾದದ್ದು, ಕೆರೆಯಲು ಸಡಿಲವಾದದ್ದು ಇಷ್ಟ. ಅದಕ್ಕೇ ಬಚ್ಚಲು ಒಲೆಯ ಬೂದಿಗೆ ತಾನಾಗಿ ಹೋಗುತ್ತದೆ. ವಾಸನೆಯೂ ಎಳೆದುಕೊಳ್ಳುತ್ತದೆ. ಆದರೆ ಎರಡು ದಿನ ಆರಿದ ಬೂದಿಯೇ ಆಗಬೇಕು. ಮೇಲೆ ತಣ್ಣಗಿದ್ದು ಒಳಗೆ ಕೆಂಡ ಇರುತ್ತದೆ. ಒದ್ದೆ ಬೂದಿ ಕಾಲಿನ ಚರ್ಮ ಸುಡುತ್ತದೆ, ಅದನ್ನು ನೆಕ್ಕಿದರೆ ನಾಲಿಗೆಯೂ ಸುಡುತ್ತದೆ. ನಾನಾದರೆ ಜರಡಿ ಹಿಡಿದ ಮಣ್ಣು ಮುಕ್ಕಾಲು, ಬೂದಿ ಕಾಲು ಭಾಗ ಹಾಕುತ್ತೇನೆ. ಹೊಟ್ಟು ತುಂಬಾ ಹಗುರ, ಮನೆಯಿಡೀ ಹರಡುತ್ತದೆ, ಕೆಲವು ಬೆಕ್ಕಿಗೆ ಚುಚ್ಚುತ್ತದೆ. ಸಾಮಿಲ್ ಪುಡಿ ಒಣಗಿದ್ದರೆ ಪರವಾಗಿಲ್ಲ. ಯಾವ ಮರದ್ದು ಅಂತ ಕೇಳಿ ತನ್ನಿ, ಪಾಲಿಶ್ ಹೊಡೆದ ಹಲಗೆಯದ್ದು ಬೇಡ.

ಮಳೆಗಾಲದಲ್ಲಿ ಯಾವುದಾದರೂ ಸರಿ, ಒಣಗಿರಬೇಕು. ನಮ್ಮ ಕಡೆಯ ಥಂಡಿಗೆ ಅಂಗಡಿಯ ಬೆಂಟೊನೈಟ್ ಮರಳು ಕೂಡ ಚೀಲದಲ್ಲೇ ಒದ್ದೆಯಾಗಿ ಹಿಟ್ಟಾಗುತ್ತದೆ. ಒದ್ದೆ ಟ್ರೇಗೆ ಬೆಕ್ಕು ಕಾಲಿಡುವುದಿಲ್ಲ. ಒಲೆ ಹತ್ತಿರ ಒಣಗುವ ಗೋಣಿ, ಕಂಬಳಿ ಬಿಟ್ಟರೆ ಮನೆಯಲ್ಲಿ ಒಣ ಜಾಗ ಎಲ್ಲಿದೆ ಹೇಳಿ. ತೋಟದಮನೆಯವರ ಬೆಕ್ಕು ಅಲ್ಲಿಗೇ ಹೋಗಿರುವುದು ಸುಮ್ನೆ ಅಲ್ಲ. ಚೀಲದ ಬಾಯಿ ಕಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಸ್ವಲ್ಪ ಸ್ವಲ್ಪವೇ ತೆಗೆಯಿರಿ.

ಪಶುವೈದ್ಯೆ, ಶಿವಮೊಗ್ಗ

ಅಕ್ಕ ಹೇಳಿದ್ದು ಸರಿ. ದರಗು ಮಾತ್ರ ಬೇಡ. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆ ಇರುವುದೇ ಕಾಡಿನ ದರಗಿನಲ್ಲಿ. ಮಳೆ ನಿಂತ ಮೇಲಿನಿಂದ ಬೇಸಿಗೆ ತನಕ ಜಾಸ್ತಿ. ಅದನ್ನು ಹೊತ್ತು ತಂದು ಮನೆಯೊಳಗೆ ಹಾಸಬೇಡಿ. ಗರ್ಭಿಣಿಯರಿದ್ದರೆ ಟ್ರೇ ತೆಗೆಯುವ ಕೆಲಸ ಬೇರೆಯವರು ಮಾಡಲಿ, ಅದೂ ದಿನಾ. ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡುವ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ ಮಲದಲ್ಲಿ ಬಂದ ಮೇಲೆ ಹರಡುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು, ಅಷ್ಟರೊಳಗೆ ತೆಗೆದರೆ ಭಯ ಕಮ್ಮಿ.

ಕೊಪ್ಪದ ಕಾಫಿ

ನಮ್ಮ ಬೆಕ್ಕು ಕೂರುವುದೇ ಇಲ್ಲ. ನಿಂತುಕೊಂಡೇ, ಬಾಲ ಮೇಲೆತ್ತಿ ನಡುಗಿಸಿ, ಬಾಗಿಲಿನ ಚೌಕಟ್ಟಿಗೆ ಚಿಮ್ಮಿಸುತ್ತದೆ. ಒಂದೂವರೆ ವರ್ಷದ ಗಂಡು, ಆಪರೇಷನ್ ಆಗಿಲ್ಲ. ಟ್ರೇಯನ್ನೂ ಸರಿಯಾಗಿ ಬಳಸುತ್ತದೆ. ಇದೂ ಕಾಯಿಲೆಯಾ?

ಪಶುವೈದ್ಯೆ, ಶಿವಮೊಗ್ಗ

ಇದು ಗುರುತು ಹಾಕುವುದು. ನಿಂತು, ಗೋಡೆಗೆ, ಸ್ವಲ್ಪವೇ. ಆಪರೇಷನ್ ಮಾಡಿಸಿ. ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕು ಇದನ್ನು ಬಿಡುತ್ತವೆ ಅಥವಾ ತುಂಬಾ ಕಮ್ಮಿ ಮಾಡುತ್ತವೆ. ಹೊರಗಿನ ಗಡವ ಬೆಕ್ಕು ಕಿಟಕಿಗೆ ಬರುತ್ತಿದ್ದರೆ ಅದನ್ನೂ ತಡೆಯಿರಿ. ಆಪರೇಷನ್ ಆದ ಬೆಕ್ಕು ಎಷ್ಟೋ ವರ್ಷದ ಮೇಲೆ ಹಠಾತ್ತನೆ ಶುರು ಮಾಡಿದರೆ ಮೂತ್ರ ಪರೀಕ್ಷೆ ಮಾಡಿಸಬೇಕು.

ವಿನೋಬನಗರ ಅಕ್ಕ

ಕಾಯಿಲೆ ಇಲ್ಲ ಅಂತ ಪರೀಕ್ಷೆಯಲ್ಲಿ ಬಂದ ಮೇಲೂ ಮುಗಿಯುವುದಿಲ್ಲ. ನಮ್ಮ ಮನೆಯದ್ದು ಹೇಳುತ್ತೇನೆ, ಮೂರು ಬೆಕ್ಕು ಇರುವವರಿಗೆ ಉಪಯೋಗ ಆಗಬಹುದು. ಚಿನ್ನು ಸೋಫಾ ಮೇಲೆ ಮಾಡುತ್ತಿದ್ದಳು. ದೊಡ್ಡ ಕಲೆ, ಆರಾಮವಾಗಿ ಕೂತು ಮಾಡಿದ್ದು. ಮೂತ್ರ, ಸ್ಕ್ಯಾನಿಂಗ್ ಎಲ್ಲ ಸರಿ ಇತ್ತು. ಟ್ರೇ ಎರಡು ಇದ್ದವು, ಎರಡೂ ವಾಷಿಂಗ್ ಮೆಷೀನ್ ಪಕ್ಕ, ಅಕ್ಕಪಕ್ಕದಲ್ಲೇ. ಒಂದು ಮಧ್ಯಾಹ್ನ ಸುಮ್ನೆ ಅಡುಗೆಮನೆಯಿಂದ ನೋಡುತ್ತಾ ನಿಂತೆ. ದೊಡ್ಡ ಬೆಕ್ಕು ಪ್ಯಾಸೇಜಿನ ಮಧ್ಯ ಮಲಗಿತ್ತು. ಕಚ್ಚಲಿಲ್ಲ, ಗುರ್ ಅನ್ನಲಿಲ್ಲ. ಚಿನ್ನು ಬಾಗಿಲ ತನಕ ಬಂದಳು, ಅದು ತಲೆ ಎತ್ತಿ ದಿಟ್ಟಿಸಿತು, ಅಷ್ಟೇ. ಅವಳು ಕಿವಿ ಮಡಚಿ ತಿರುಗಿ ಸೋಫಾ ಕಡೆಗೆ ನಡೆದಳು. ಹೊಡೆದಾಟ ಇಲ್ಲ ಅಂದರೆ ಜಗಳ ಇಲ್ಲ ಅಂತ ಅಲ್ಲ.

ಬೆಕ್ಕಿನ ಲೆಕ್ಕಕ್ಕಿಂತ ಒಂದು ಟ್ರೇ ಜಾಸ್ತಿ ಇರಬೇಕು ಅಂತ ಹೇಳುತ್ತಾರೆ. ಆದರೆ ಒಂದೇ ಕೋಣೆಯಲ್ಲಿ ನಾಲ್ಕು ಇಟ್ಟರೆ ಬೆಕ್ಕಿಗೆ ಅದು ಒಂದೇ ಜಾಗ. ನಾನು ಬೇರೆ ಬೇರೆ ಕೋಣೆಗೆ ಹಂಚಿದೆ. ಮುಚ್ಚಳದ್ದು ತೆಗೆದೆ, ಒಳಗೆ ಕೂತರೆ ಯಾರು ಬರುತ್ತಿದ್ದಾರೆ ಅಂತ ಕಾಣುವುದಿಲ್ಲ, ವಾಸನೆಯೂ ನಿಲ್ಲುತ್ತದೆ. ಅಂಗಡಿ ಟ್ರೇಗಳು ಚಿಕ್ಕವು. ಮೂಗಿನಿಂದ ಬಾಲದ ಬುಡದ ತನಕ ಅಳೆದು ಅದರ ಒಂದೂವರೆ ಪಟ್ಟು ಉದ್ದ ಬೇಕು, ನಾನು ಗಾರೆ ಕೆಲಸದ ಪ್ಲಾಸ್ಟಿಕ್ ತೊಟ್ಟಿ ತಂದೆ.

ಒರೆಸಲು ಕರಿ ಫಿನಾಯಿಲ್ ಬಳಸಬೇಡಿ. ಆ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ, ಕಾಲಿಗೆ ಹತ್ತಿದ್ದನ್ನು ನೆಕ್ಕುತ್ತವೆ. ಬರೀ ನೀರಲ್ಲಿ ಒರೆಸಿದರೆ ನಮ್ಮ ಮೂಗಿಗೆ ಹೋಗುತ್ತದೆ, ಅವುಗಳ ಮೂಗಿಗೆ ಹೋಗುವುದಿಲ್ಲ. ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿ ಕಲಸಿ ಒರೆಸಿ, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿ.

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ಕೆಂಚ ಈಗ ಚೆನ್ನಾಗಿದ್ದಾನೆ. ಪೂರ್ತಿ ಕಟ್ಟಿರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಇಲ್ಲ, ಮೂತ್ರಕೋಶದ ಗೋಡೆ ದಪ್ಪ ಆಗಿದೆ ಅಂದರು. ಬೆಕ್ಕಿಗೆ ಕೊಡುವ ನೋವಿನ ಔಷಧಿ ಕೊಟ್ಟರು. ಒಣ ಆಹಾರ ಕಮ್ಮಿ ಮಾಡಿ, ನೀರಿನ ಅಂಶ ಇರುವುದು ಜಾಸ್ತಿ ಕೊಡಿ ಅಂದರು. ನಾಯಿಮರಿಯನ್ನು ಈಗ ಜಗಲಿಯಲ್ಲೇ ಕಟ್ಟುತ್ತೇವೆ. ಕೆಂಚನಿಗೆ ಅಟ್ಟದ ಮೆಟ್ಟಿಲ ಕೆಳಗೆ ಜಾಗ ಮಾಡಿದ್ದೇವೆ. ಅತ್ತೆಯೇ ಅಲ್ಲಿ ಹಳೇ ಸೀರೆ ಹಾಸಿಕೊಟ್ಟರು.

ಒಂದೇ ತೊಂದರೆ ಉಳಿದಿದೆ. ಉಚ್ಚೆ ಈಗ ಸಲೀಸಾಗಿ ಬರುತ್ತದೆ, ರಕ್ತ ಇಲ್ಲ, ದಿನಕ್ಕೆ ಮೂರು ಸಲ. ಆದರೆ ಟ್ರೇ ಕಂಡರೆ ದೂರ ಸರಿಯುತ್ತಾನೆ. ಗೋಣಿ ಮೇಲೆಯೇ ಮಾಡುತ್ತಾನೆ. ಈಗಲಾದರೂ ಇದು ಅಭ್ಯಾಸ ಅಲ್ವಾ?

ಪಶುವೈದ್ಯೆ, ಶಿವಮೊಗ್ಗ

ಹೌದು, ಈಗ ಅಭ್ಯಾಸ. ಆದರೆ ನೋವು ಕಲಿಸಿದ ಅಭ್ಯಾಸ. ಆ ಟ್ರೇಯಲ್ಲಿ ಕೂತಾಗಲೆಲ್ಲ ಉರಿ ಆಗಿದೆ, ಉರಿ ಟ್ರೇಯದ್ದೇ ಅಂತ ಅವನ ಲೆಕ್ಕ. ಹಳೇ ಟ್ರೇ ತೆಗೆದುಬಿಡಿ. ಬೇರೆ ಆಕಾರದ್ದು, ಬೇರೆ ಜಾಗದಲ್ಲಿ ಇಡಿ, ಒಳಗೆ ಹಾಕುವುದೂ ಬೇರೆ ಇರಲಿ. ಗೋಣಿ ಇಷ್ಟಪಟ್ಟಿದ್ದಾನಲ್ಲ, ಹೊಸ ಟ್ರೇ ತಳಕ್ಕೆ ಗೋಣಿ ತುಂಡನ್ನೇ ಹಾಸಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಬಳಸಲು ಶುರು ಮಾಡಿದ ಮೇಲೆ ಮಣ್ಣು ಹೆಚ್ಚಿಸುತ್ತಾ ಗೋಣಿ ಕತ್ತರಿಸುತ್ತಾ ಬನ್ನಿ. ಎತ್ತಿಕೊಂಡು ಹೋಗಿ ಟ್ರೇಯಲ್ಲಿ ಕೂರಿಸಬೇಡಿ. ಬೈಯಬೇಡಿ, ಮೂಗು ಒತ್ತಿ ತೋರಿಸಬೇಡಿ. ಹಾಗೆ ಮಾಡಿದರೆ ಕಾಣದ ಜಾಗ ಹುಡುಕಿಕೊಂಡು ಮಾಡುತ್ತದೆ, ಆಗ ಉಚ್ಚೆ ಕಟ್ಟಿದರೂ ನಿಮಗೆ ಗೊತ್ತಾಗುವುದಿಲ್ಲ.

ಸೊರಬದವನು

ಎಲ್ಲ ಓದಿದೆ. ಬೇಸರ ಮಾಡಿಕೊಳ್ಳಬೇಡಿ, ನನ್ನ ಅನುಮಾನ ಕೇಳುತ್ತೇನೆ. ಅಜ್ಜಿಯ ಕಾಲದಲ್ಲಿ ಮನೆಗೆ ಐದಾರು ಬೆಕ್ಕು ಇರುತ್ತಿದ್ದವು. ಟ್ರೇ ಇರಲಿಲ್ಲ, ಸ್ಕ್ಯಾನಿಂಗ್ ಇರಲಿಲ್ಲ. ಆಗ ಇಲ್ಲದ ಕಾಯಿಲೆ ಈಗ ಎಲ್ಲಿಂದ ಬಂತು?

ಸಾಗರದ ಮೇಷ್ಟ್ರು

ನಮ್ಮ ಮನೆಯಲ್ಲೂ ಹಾಗೇ ಇತ್ತು. ಬೆಕ್ಕು ಒಂದು ದಿನ ಕಾಣೆಯಾದರೆ ನಾಯಿ ಹಿಡಿಯಿತು, ಕಾಡಿಗೆ ಹೋಯಿತು ಅನ್ನುತ್ತಿದ್ದರು. ಹಿತ್ತಲ ಪೊದೆಯಲ್ಲಿ ಉಚ್ಚೆ ಕಟ್ಟಿ ಸತ್ತದ್ದು ಎಷ್ಟೋ, ಯಾರು ನೋಡಿದರು? ಆಗ ಇಲಿ ತಿನ್ನುತ್ತಿದ್ದವು, ಇಲಿಯಲ್ಲೇ ನೀರಿನ ಅಂಶ ಇರುತ್ತದೆ. ಈಗ ಅಂಗಡಿಯ ಬೆಕ್ಕಿನ ಆಹಾರದ ಒಣ ಕಾಳು ಹಾಕುತ್ತೇವೆ. ಅದೂ ಒಂದು ಕಾರಣ ಇರಬೇಕು ಅಲ್ವಾ ಡಾಕ್ಟ್ರೇ?

ನಮ್ಮವಳ ಪರೀಕ್ಷೆ ಆಯಿತು. ಕಿಡ್ನಿ ತೊಂದರೆ ಶುರುವಾಗಿದೆ, ಸಕ್ಕರೆ ಇಲ್ಲ. ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಅಂದರು. ಟ್ರೇ ಬದಿ ಕತ್ತರಿಸಿದ ರಾತ್ರಿಯೇ ಒಳಗೆ ಹೋಗಿದ್ದಾಳೆ.

ಪಶುವೈದ್ಯೆ, ಶಿವಮೊಗ್ಗ

ಹೌದು ಮೇಷ್ಟ್ರೇ. ಒಣ ಕಾಳಿನಲ್ಲಿ ನೀರು ನೂರಕ್ಕೆ ಹತ್ತರಷ್ಟು ಮಾತ್ರ. ಇಲಿಯಲ್ಲಿ, ಒದ್ದೆ ಆಹಾರದಲ್ಲಿ ಎಪ್ಪತ್ತರ ಆಚೆ ಈಚೆ. ಮನೆಯೊಳಗೇ ಇರುವುದು, ಓಡಾಟ ಕಮ್ಮಿ, ತೂಕ ಜಾಸ್ತಿ, ಇವೂ ಸೇರುತ್ತವೆ. ಸೊರಬದವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ತೋಟದಮನೆ, ತೀರ್ಥಹಳ್ಳಿ

ಕೊನೆಯದಾಗಿ ಒಂದು. ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಇಲ್ಲಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್. ಬೆಕ್ಕನ್ನು ಕರೆದೊಯ್ಯದೆ, ಬಾಟಲಿಯಲ್ಲಿ ಉಚ್ಚೆ ಹಿಡಿದು ಬಸ್ಸಿನಲ್ಲಿ ಕಳಿಸಿದರೆ ಆಗುತ್ತದಾ?

ಪಶುವೈದ್ಯೆ, ಶಿವಮೊಗ್ಗ

ಹರಳು ನೋಡುವುದಕ್ಕೆ ಬೇಡ. ಹೊತ್ತಾದರೆ, ತಣ್ಣಗಾದರೆ ಬಾಟಲಿಯಲ್ಲೇ ಹರಳು ಕಟ್ಟುತ್ತದೆ, ಬೆಕ್ಕಿನ ಹೊಟ್ಟೆಯಲ್ಲಿ ಇಲ್ಲದ್ದು ರಿಪೋರ್ಟಿನಲ್ಲಿ ಬರುತ್ತದೆ. ಕಲ್ಚರ್‌ಗೂ ಬೇಡ, ಟ್ರೇಯಿಂದ ತೆಗೆದದ್ದರಲ್ಲಿ ಹೊರಗಿನ ಬ್ಯಾಕ್ಟೀರಿಯಾ ಸೇರಿರುತ್ತದೆ. ಕೆಂಚನನ್ನೇ ಕರೆತನ್ನಿ, ಹೊಟ್ಟೆಯ ಮೇಲಿಂದ ಸೂಜಿಯಲ್ಲಿ ತೆಗೆಯುತ್ತಾರೆ, ಒಂದು ನಿಮಿಷದ ಕೆಲಸ. ಅದಕ್ಕೆ ಮೂತ್ರಕೋಶದಲ್ಲಿ ಸ್ವಲ್ಪ ಉಚ್ಚೆ ತುಂಬಿರಬೇಕು. ಆದ್ದರಿಂದ ಬೆಳಗ್ಗೆ ಅವನು ಟ್ರೇಗೆ ಹೋಗುವ ಮೊದಲೇ ಬುಟ್ಟಿಗೆ ಹಾಕಿಕೊಂಡು ಹೊರಡಿ.